ಸಾಬೂನು ಕಾರ್ಖಾನೆಯ ನೆಲ ತೊಳೆದ ದಿನ

ಅಥೆನ್ಸಿನಿಂದ ತಪಾಸಣೆಗೆ ಬರುವವರು ಮಧ್ಯಾಹ್ನದ ಹಡಗಿನಿಂದ ಇಳಿಯುತ್ತಾರೆ ಎಂಬ ಸುದ್ದಿ ಬಂದ ಮೇಲೆ ನಮ್ಮ ಬಂದರಿನ ಹೆಂಗಸರಲ್ಲಿ ಒಬ್ಬರೂ ಮನೆಯಲ್ಲಿ ನಿಲ್ಲಲಿಲ್ಲ. ಅವರನ್ನು ಕರೆತರಲು ಮಿರ್ಸಿನಿ ಬೆಳಿಗ್ಗೆಯೇ ವ್ಯಾನು ತೆಗೆದುಕೊಂಡು ಹಡಗು ನಿಲ್ಲುವ ಮಿತಿಲೀನಿಗೆ ಹೋಗಿದ್ದಳು. ಹೋಗುವಾಗ ನನ್ನ ಎರಡೂ ಕೈ ಹಿಡಿದು ಹೇಳಿದ್ದಳು: "ಟೀಚರ್, ನಾನು ಬರೋವರೆಗೂ ಯಾರೂ ಏನೂ ಮುಟ್ಟಬಾರ್ದು. ನಿಮ್ಮ ಮಾತಾದ್ರೆ ಕೇಳ್ತಾರೆ."

ನನ್ನ ಮಾತನ್ನು ನಾನು ಪಾಠ ಹೇಳಿದ ಮಕ್ಕಳು ಕೇಳುತ್ತಿದ್ದರು. ಅವರ ತಾಯಂದಿರು ಕೇಳುತ್ತಾರೆಂಬ ಭರವಸೆ ನನಗಿರಲಿಲ್ಲ.

ಮಿರ್ಸಿನಿ ನಮ್ಮ ಹೆಂಗಸರ ಸಹಕಾರ ಸಂಘದ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಕಹಿಕಿತ್ತಳೆ ಸಿಪ್ಪೆಯನ್ನು ಪಾಕದಲ್ಲಿ ಬೇಯಿಸಿ ಬಾಟಲಿಗೆ ತುಂಬುವುದು, ಮೊಸರು ಗೋಧಿ ಕಲಸಿ ಒಣಗಿಸುವುದು ನಮ್ಮ ಕೆಲಸ. ಇಷ್ಟು ದಿನ ಅದನ್ನು ಒಂದು ಬಾಡಿಗೆ ಗ್ಯಾರೇಜಿನಲ್ಲಿ ಮಾಡುತ್ತಿದ್ದೆವು. ಈಗ ಅದರ ಮಾಲೀಕ ಜಾಗ ಬಿಡಿ ಎನ್ನುತ್ತಿದ್ದ. ಮಿರ್ಸಿನಿಯ ಕಣ್ಣು ದಂಡೆಯ ಮೇಲಿನ ಹಳೆಯ ಸಾಬೂನು ಕಾರ್ಖಾನೆಯ ಮೇಲೆ ಬಿತ್ತು. ಅಂಥ ಹಳೆಯ ಕಾರ್ಖಾನೆಗಳನ್ನು ದುರಸ್ತಿ ಮಾಡಿ ಬಳಸುವವರಿಗೆ ಸರ್ಕಾರ ಖರ್ಚಿನ ಮುಕ್ಕಾಲು ಪಾಲು ಕೊಡುತ್ತದೆ, ಕೆಲವು ವರ್ಷ ಕಟ್ಟಡದ ತೆರಿಗೆಯನ್ನೂ ಬಿಡುತ್ತದೆ.

ತೊಡಕೊಂದಿತ್ತು. ಸರ್ಕಾರದ ದಾಖಲೆಯಲ್ಲಿ ಆ ಕಟ್ಟಡ ಬರೀ ಉಗ್ರಾಣ. ಉಗ್ರಾಣಗಳಿಗೆ ಈ ಸಹಾಯ ಸಿಗದು. ಅದು ಸಾಬೂನಿನ ಕಾರ್ಖಾನೆಯೆಂದು ಊರಿಗೆಲ್ಲ ಗೊತ್ತು, ಆದರೆ ಊರಿಗೆ ಗೊತ್ತಿರುವುದು ಸಾಕ್ಷಿಯಾಗುವುದಿಲ್ಲ. ತಾಮ್ರದ ಕಡಾಯಿಗಳು ಗುಜರಿಗೆ ಹೋಗಿದ್ದವು. ಹೊಗೆ ಕೊಳವೆ ಭೂಕಂಪದಲ್ಲಿ ಬಿದ್ದಿತ್ತು. ಬರುವವರಿಗೆ ಇಂದು ಏನೂ ಕಾಣಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಪುರಸಭೆ ಕಟ್ಟಡವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತದೆ. ತಪಾಸಣೆಗೆ ಮೊದಲು ಅಲ್ಲಿ ಏನನ್ನೂ ಬದಲಿಸಬಾರದೆಂದು ನಿಯಮವೂ ಇತ್ತು.

ನಾನು ಹೋಗುವಷ್ಟರಲ್ಲಿ ಬಕೆಟ್ಟುಗಳು ಬಂದಾಗಿತ್ತು. ಎಂಬತ್ತು ದಾಟಿದ ಅಮೆರ್ಸೂದಾ ಅಜ್ಜಿ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಏನೂ ಮುಟ್ಟಬಾರ್ದು ಅಂತ ಹೇಳಿದ್ದಾರೆ, ಅಜ್ಜಿ," ಎಂದೆ.

"ಯಾರು ಮುಟ್ತಿದ್ದಾರೆ? ತೊಳೀತಿದ್ದಾರೆ ಅಷ್ಟೆ. ಅಥೆನ್ಸಿಂದ ಹೆಣ್ಣುಮಗಳು ಬರ್ತಾಳೆ, ಪಾರಿವಾಳದ ಹಿಕ್ಕೆ ಮೇಲೆ ನಿಲ್ಲಿಸ್ತೀಯಾ? ನಿಮ್ಮಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು."

ಬೇಕರಿಯ ಪೆರಿಸ್ತೇರಾ ತನ್ನ ಒಲೆಯ ಮೇಲಿನ ಬಿಸಿನೀರು ತಂದು ಸುರಿದಳು. ಉಳಿದವರು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಟ್ಟಿ ಬ್ರಷ್ಷು ಹಿಡಿದು ಉಜ್ಜತೊಡಗಿದರು. ಮೊದಲು ಕಪ್ಪು ನೀರು ಬಂತು. ಆಮೇಲೆ ಬೂದು ನೀರು. ಆಮೇಲೆ ಪೆರಿಸ್ತೇರಾ ಬ್ರಷ್ಷು ಎತ್ತಿ ನೋಡಿ, "ಯಾರೇ ಸಾಬೂನು ಪುಡಿ ಹಾಕಿದ್ದು?" ಎಂದಳು.

ಯಾರೂ ಹಾಕಿರಲಿಲ್ಲ. ಆದರೂ ನೊರೆ ಬರುತ್ತಿತ್ತು. ತೊಳೆದುಬಿಡೋಣವೆಂದು ಇನ್ನಷ್ಟು ನೀರು ಸುರಿದರು. ನೊರೆ ಪಾದ ಮುಚ್ಚಿತು, ಕಣಕಾಲಿಗೆ ಬಂತು, ಹೊಸ್ತಿಲು ದಾಟಿ ಇಳಿಜಾರಿನಲ್ಲಿ ಬಂದರಿನ ಕಡೆ ಹೊರಟಿತು. ಎದುರಿನ ಕಾಫಿ ಅಂಗಡಿಯ ಇಗ್ನಾತಿಯೋಸ್ ಕುರ್ಚಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಎತ್ತಿಡುತ್ತಾ ಕೂಗಿದ: "ಟೀಚರ್, ಮನೆ ತೊಳೆದಾಯ್ತಾ, ಇನ್ನು ಸಮುದ್ರಾನೂ ತೊಳೀತೀರಾ?"

ಅದೇ ಹೊತ್ತಿಗೆ ವ್ಯಾನು ಬಂದು ನಿಂತಿತು.

ಮಿರ್ಸಿನಿ ಕೆಳಗಿಳಿದು ಬಿಳಿಯಾದ ಬೀದಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವಳ ಹಿಂದೆ ಇಳಿದ ಅಧಿಕಾರಿ ಸುಮಾರು ಮೂವತ್ತೈದರ ಹೆಂಗಸು, ಹೆಸರು ದನಾಯಿ ವುರ್ನಾಜು. ನೊರೆಯ ಅಂಚಿನಲ್ಲಿ ನಿಂತು ಕೇಳಿದಳು: "ಯಾವ ಸಾಬೂನು ಹಾಕಿದ್ರಿ?"

"ಬರೀ ನೀರು ಮೇಡಂ," ಎಂದೆ.

"ಹೋದ ತಿಂಗಳು ಇನ್ನೊಂದು ಊರಲ್ಲೂ ಹೀಗೇ ಹೇಳಿದ್ರು. ಎಲ್ಲಿಂದಲೋ ಹಳೇ ಯಂತ್ರ ತಂದು ನಿಲ್ಲಿಸಿ, ಅಜ್ಜನ ಕಾಲದ್ದು ಅಂದ್ರು. ಅದರ ಮೇಲೆ ಹೊಸಾ ಬಣ್ಣ ಇನ್ನೂ ಒಣಗಿರಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೋಡಿ, ನೀವು ಸಾಬೂನು ಕಾರ್ಖಾನೆ ಅಂತೀರಿ. ನಾನು ಬರೋ ದಿನವೇ ನೆಲದ ತುಂಬ ಸಾಬೂನು. ನಾನು ಏನಂತ ಬರೀಲಿ?"

ಮಿರ್ಸಿನಿ ಬಾಗಿಲ ಕಂಬಕ್ಕೆ ಒರಗಿದಳು. ಗ್ಯಾರೇಜು, ಪುರಸಭೆ, ಕಾರುಗಳು ಎಲ್ಲವೂ ಆಗ ಅವಳ ಮುಖದಲ್ಲಿದ್ದವು.

ದನಾಯಿ ಬೂಟು ಕಳಚಿ, ಪ್ಯಾಂಟು ಮಡಚಿ ಒಳಗೆ ಕಾಲಿಟ್ಟಳು. ಪೆರಿಸ್ತೇರಾ ತನ್ನ ರಬ್ಬರ್ ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟು, ತಾನು ಬರಿಗಾಲಲ್ಲಿ ನಿಂತಳು.

"ತೊಳೀದೇ ಇರೋ ಜಾಗ ಒಂದಾದ್ರೂ ಉಳಿದಿದೆಯಾ?"

ಎಲ್ಲರೂ ಸುತ್ತ ನೋಡಿದೆವು. ನಮ್ಮ ಹೆಂಗಸರು ಅರ್ಧ ಕೆಲಸ ಮಾಡಿದವರಲ್ಲ.

"ನನ್ನ ಕುರ್ಚಿ ಕೆಳಗೆ," ಎಂದಳು ಅಮೆರ್ಸೂದಾ ಅಜ್ಜಿ. "ಏಳು ಅಂದ್ರು, ನಾನು ಏಳಲಿಲ್ಲ."

ಇಬ್ಬರು ಹಿಡಿದು ಅವಳನ್ನು ಎಬ್ಬಿಸಿದರು. ನೀರೆಲ್ಲ ಬಾಗಿಲ ಕಡೆ ಇಳಿದುಹೋಗಿ ಆ ಮೂಲೆ ಒಣಗಿಯೇ ಉಳಿದಿತ್ತು; ಕುರ್ಚಿ ಸರಿಸಿದಾಗ ಕೆಳಗೆ ಧೂಳು ಕಲ್ಲಿನಂತೆ ಕೂತಿತ್ತು. ದನಾಯಿ ಮಂಡಿಯೂರಿ, ತನ್ನ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಸ್ವಲ್ಪ ಸುರಿದಳು. ಬೆರಳಿನಿಂದ ಉಜ್ಜಿದಳು. ಮಣ್ಣು ಕಲಸಿಕೊಂಡಿತು. ಮತ್ತೆ ಸುರಿದು ಉಜ್ಜಿದಳು.

ಅವಳ ಬೆರಳ ಸುತ್ತ ಬಿಳಿ ಗುಳ್ಳೆಗಳೆದ್ದವು.

ಸಣ್ಣ ಚಾಕುವಿನಿಂದ ಎರಡು ಚಪ್ಪಡಿಗಳ ಸಂದನ್ನು ಕೆದಕಿದಳು. ಹಸಿರು ಮಿಶ್ರಿತ ಬೂದು ಬಣ್ಣದ ಹೆಂಟೆಯೊಂದು ಎದ್ದುಬಂತು, ಮುರಿದಾಗ ಒಳಗೆ ಪದರ ಪದರ. ಮೂಗಿಗೆ ಹಿಡಿದಳು. ಆಲಿವ್ ಎಣ್ಣೆ ಸಾಬೂನಿನ ವಾಸನೆ ನನ್ನವರೆಗೂ ಬಂತು.

"ಕುದಿಸಿದ ಸಾಬೂನನ್ನ ಇಲ್ಲೇ ನೆಲಕ್ಕೆ ಸುರೀತಿದ್ರು," ಎಂದಳು ತನಗೆ ತಾನೇ ಎಂಬಂತೆ. ಕೈಯಿಂದ ನೊರೆ ಸರಿಸುತ್ತಾ ಗೋಡೆಯುದ್ದಕ್ಕೂ ಹೋದಳು. ಗೋಡೆಗಿಂತ ಒಂದು ಮೊಳ ಈಚೆಗೆ ಕಲ್ಲಿನ ಗಿಡ್ಡ ಅಂಚು ಕಂಡಿತು. ಅಷ್ಟು ದಿನ ಕೊಳೆಯ ಕೆಳಗೆ ಅದು ನಮಗ್ಯಾರಿಗೂ ಕಂಡಿರಲಿಲ್ಲ. "ಹರಿದುಹೋಗದ ಹಾಗೆ ಈ ಅಂಚು. ಒಂದು ಸಲ ಅಲ್ಲ, ಬಹಳ ವರ್ಷ ಸುರಿದಿದ್ದಾರೆ. ಉಗ್ರಾಣಕ್ಕೆ ಯಾರೂ ಇಂಥ ನೆಲ ಹಾಕಲ್ಲ." ಎದ್ದು ನಿಂತು ನಮ್ಮತ್ತ ತಿರುಗಿದಳು. "ದಯವಿಟ್ಟು ಇನ್ನು ನೀರು ಹಾಕಬೇಡಿ. ಸಾಕ್ಷಿಯನ್ನ ಸಮುದ್ರಕ್ಕೆ ಬಿಡ್ತಿದ್ದೀರಿ."

"ಅಂದ್ರೆ?" ಎಂದಳು ಮಿರ್ಸಿನಿ.

"ಅಂದ್ರೆ ಸಾಬೂನು ಕಾರ್ಖಾನೆ ಅಂತಲೇ ಬರೀತೀನಿ. ಅದಾದ ಮೇಲೆ ಸಹಾಯ ಕೊಡದೇ ಇರೋಕೆ ಸರ್ಕಾರಕ್ಕೆ ಕಾರಣ ಸಿಗಲ್ಲ. ಆದರೆ ನಿಯಮ ಮುರಿದು ತೊಳೆದ್ರಿ ಅಂತಾನೂ ಬರೀಬೇಕಾಗುತ್ತೆ."

"ಬರಿ ಮಗಳೇ, ಧಾರಾಳವಾಗಿ ಬರಿ," ಎಂದಳು ಅಮೆರ್ಸೂದಾ ಅಜ್ಜಿ. "ಕೊಳಕಾಗಿತ್ತು ಅಂತ ಮಾತ್ರ ಬರೀಬೇಡ."

ದನಾಯಿ ಆಗ ನಕ್ಕಳು. ಅಜ್ಜಿಯ ತೋಳು ಹಿಡಿದು, ಒದ್ದೆಯಿಲ್ಲದ ಕಡೆ ಕುರ್ಚಿ ಹಾಕಿ ಕೂರಿಸಿದ್ದೂ ಅವಳೇ.

ಮಿರ್ಸಿನಿ ಕೋಣೆಯ ನಡುವಿಗೆ ಬಂದಳು. ನೊರೆಯಲ್ಲಿ ಕಾಲು ಹುಗಿದು ನಿಂತು, ಎರಡು ಕೈ ಚಾಚಿ, "ದೊಡ್ಡ ಒಲೆ ಇಲ್ಲಿ," ಎಂದಳು.

"ಇಲ್ಲಿ ಗಾಳಿ ಬರುತ್ತೆ, ಒಲೆ ಆರುತ್ತೆ," ಎಂದು ಪೆರಿಸ್ತೇರಾ ಕಿಟಕಿಯ ಹತ್ತಿರ ಹೋಗಿ ನಿಂತಳು. "ಒಣಗಿಸೋ ತಟ್ಟೆ ಇಲ್ಲಿಡಬೇಕು. ಒಲೆ ಆ ಕಡೆ."

"ನಿನಗೆ ಬ್ರೆಡ್ಡಿನ ಒಲೆ ಗೊತ್ತು, ಪಾಕದ ಒಲೆ ನನಗ್ಗೊತ್ತು. ಬಾಟಲಿ ತುಂಬೋರು ಎಲ್ಲಿ ನಿಲ್ತೀರಿ? ನಿಲ್ಲಿ ನೋಡೋಣ."

ಒಬ್ಬೊಬ್ಬರೂ ತಮ್ಮ ತಮ್ಮ ಜಾಗ ಹುಡುಕಿ ನಿಂತರು, ಜಾಗಕ್ಕೆ ಜಗಳವಾಡಿದರು, ಮತ್ತೆ ಬದಲಿಸಿದರು. ಹಣ ಬರಲು ತಿಂಗಳುಗಟ್ಟಲೆ ಆಗುತ್ತದೆ, ಮೊದಲು ಛಾವಣಿಯ ಕೆಲಸ ಆಗಬೇಕು, ಯಾವ ಗೋಡೆಗೂ ಮೊಳೆ ಹೊಡೆಯುವಂತಿಲ್ಲ ಎಂದು ದನಾಯಿ ಹೇಳುತ್ತಲೇ ಇದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅವಳು ಚೀಲದಿಂದ ಅಳತೆ ಪಟ್ಟಿ ತೆಗೆದು, ಒಂದು ತುದಿಯನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಹಿಡಿದು ನೊರೆಯೊಳಗೆ ನಡೆದಳು.

"ಹೇಳಿ ಮಿರ್ಸಿನಿ," ಎಂದಳು, "ಒಲೆ ಎಷ್ಟು ಅಗಲದ್ದು?"