ಹಲ್ಲಿನ ಒಳಮೈ

ದರ್ಜಿಯ ಒಂಬತ್ತು ವರ್ಷದ ಮಗಳು ಒಂದು ತಿಂಗಳಾದರೂ ಅಪ್ಪನಿಗೆ ಸೋಲಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೇಸತ್ತು, "ಹೌದಪ್ಪಾ, ಕುಡಿದೆ, ಏನೀಗ?" ಎಂದು ಕೈತೊಳೆದುಕೊಳ್ಳುತ್ತಿದ್ದರು. ಇವಳು ಮೆಣಸು. ಅಪ್ಪನೇ ಇಟ್ಟ ಅಡ್ಡಹೆಸರು, ಖಾರವನ್ನೂ ಅವನೇ ಅನುಭವಿಸಬೇಕಲ್ಲ!

ಆದದ್ದಿಷ್ಟು. ಶಾಲೆಯಲ್ಲಿ ಹಲ್ಲಿನ ತಪಾಸಣೆ ನಡೆದು ಮಕ್ಕಳ ಕೈಯಲ್ಲಿ ಒಂದೊಂದು ಚೀಟಿ ಬಂತು. ಮೆಣಸಿನ ಚೀಟಿಯಲ್ಲಿ ಹೀಗಿತ್ತು: ಮುಂದಿನ ಹಲ್ಲು ಹುಳಿಗೆ ಸವೆದಿದೆ, ಸೋಡಾ ಮತ್ತು ತಂಪು ಪಾನೀಯ ನಿಲ್ಲಿಸಿ. ಮನೆಗೆ ಸೋಡಾ ತಂದವರೇ ಇಲ್ಲ. ಅಂದಮೇಲೆ ಕದ್ದು ಕುಡಿಯುತ್ತಿದ್ದಾಳೆ ಎಂದು ದರ್ಜಿ ತೀರ್ಮಾನಿಸಿಬಿಟ್ಟ. ಅವತ್ತಿನಿಂದ ಶಾಲೆಯ ಗೇಟಿನಲ್ಲೇ ಚೀಲದ ಜಿಪ್ಪು ತೆಗೆಸಿ ನೋಡುವುದು, ಬಾಯಿ ಮೂಸುವುದು. ಎಂಥ ಪತ್ತೇದಾರ ನೋಡಿ!

"ಒಪ್ಕೊಂಡ್ಬಿಡು ಮರಿ, ಬಯ್ಯಲ್ಲ. ಹೊಸ ಫ್ರಾಕ್ ಹೊಲಿದ್ಕೊಡ್ತೀನಿ."

"ಮಾಡದೇ ಇರೋದನ್ನ ಹೆಂಗಪ್ಪ ಒಪ್ಕೊಳ್ಳೋದು? ಫ್ರಾಕ್ ನೀನೇ ಹಾಕ್ಕೋ."

ಒಂದು ದಿನ ರೇಗಿ "ಸುಳ್ಳಿ" ಅಂದುಬಿಟ್ಟ. ಅವಳು ಅಳಲಿಲ್ಲ. ಆ ಮಾತನ್ನು ಮಾತ್ರ ಮರೆಯಲೂ ಇಲ್ಲ.

ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನತೊಡಗಿದಾಗ ಅವಳನ್ನು ಶಾಲೆಯಿಂದ ನೇರ ಹಲ್ಲಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮನಿಗೆ ಅರವತ್ತರ ಹತ್ತಿರ ವಯಸ್ಸು, ಕೈಯಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ. ಕೂರುವ ಮೊದಲೇ ದರ್ಜಿ ದೂರು ಶುರುಮಾಡಿದ: "ಕದ್ದು ಸೋಡಾ ಕುಡೀತಾಳೆ ಮೇಡಂ, ನೀವಾದ್ರೂ ಬುದ್ಧಿ ಹೇಳಿ."

"ನಾನು ಹಲ್ಲನ್ನ ಕೇಳ್ತೀನಿ. ನೀವು ಸ್ವಲ್ಪ ಸುಮ್ನಿರಿ," ಎಂದರು ಆಕೆ. ಮೊದಲು ಹಲ್ಲಿನ ಮುಂಭಾಗ ನೋಡಿದರು. ಆಮೇಲೆ ಕನ್ನಡಿಯನ್ನು ಒಳಗೆ ತೂರಿಸಿ ಮೇಲಿನ ಹಲ್ಲುಗಳ ಹಿಂದೆ ಹಿಡಿದು, ದೀಪ ಸರಿಮಾಡಿ, ಅದೆಷ್ಟು ಹೊತ್ತು ನೋಡಿದರೋ!

"ಬನ್ನಿ ಇಲ್ಲಿ. ಮುಂದೆ ಹೊಳಪು ಹಾಗೇ ಇದೆ. ಹಿಂದೆ ನೋಡಿ."

ದರ್ಜಿ ಬಗ್ಗಿ ನೋಡಿದ. ಒಳಬದಿ ತೆಳ್ಳಗಾಗಿ, ಹಳದಿ ಬಣ್ಣ ಇಣುಕುತ್ತಿತ್ತು.

"ಸೋಡಾ ಕುಡಿಯೋರಿಗೆ ಸಾಮಾನ್ಯವಾಗಿ ಮುಂದುಗಡೆನೂ ಸವೆದಿರುತ್ತೆ. ಇದು ಹೊಟ್ಟೆಯಿಂದ ಮೇಲೆ ಬರೋ ಹುಳಿ ಇರ್ಬೇಕು. ಪುಟ್ಟಿ, ಮಲಗಿದಾಗ ಬಾಯಿಗೆ ಹುಳಿನೀರು ಬರುತ್ತಾ?"

"ದಿನಾ ಬರುತ್ತೆ. ಎಲ್ಲರಿಗೂ ಬರುತ್ತೆ ಅಂದ್ಕೊಂಡಿದ್ದೆ."

ದರ್ಜಿ ಬೆರಗಾಗಿ ನಿಂತ. ಇಪ್ಪತ್ತು ವರ್ಷ ಹೊಲಿದವನು, ಯಾರ ಕೆಲಸವನ್ನೇ ಆಗಲಿ ಅಂಗಿ ತಿರುವಿ ಒಳಮೈ ನೋಡದೆ ಅಳೆದವನಲ್ಲ. ಮಗಳ ವಿಷಯದಲ್ಲಿ ಮಾತ್ರ ಆ ಬುದ್ಧಿ ಎಲ್ಲಿ ಹೋಗಿತ್ತು? ಈ ಮಹಾತಾಯಿ ಎರಡು ನಿಮಿಷದಲ್ಲಿ ನೋಡಿಬಿಟ್ಟರಲ್ಲ! ಕೈಮುಗಿಯಬೇಕೆನಿಸಿತು.

ಡಾಕ್ಟರಮ್ಮನ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. "ರಾತ್ರಿ ಊಟ ಎಷ್ಟೊತ್ತಿಗೆ?"

"ಅಪ್ಪ ಅಂಗಡಿ ಮುಚ್ಚಿ ಬಂದ್ಮೇಲೆ. ಹತ್ತೂವರೆಗೆ. ಕೈ ತೊಳ್ದು ಮಲ್ಕೊಂಡ್ಬಿಡ್ತೀನಿ."

"ಅಷ್ಟೊತ್ತು ಯಾಕಮ್ಮ ಕಾಯ್ತೀಯ?"

"ಅಮ್ಮಂಗೆ ರಾತ್ರಿ ಪಾಳಿ. ಅಪ್ಪ ಒಬ್ನೇ ಕೂತ್ರೆ ಎರಡು ತುತ್ತು ತಿಂದು ಎದ್ಬಿಡ್ತಾನೆ."

ಹೊಟ್ಟೆ ತುಂಬಿಸಿಕೊಂಡ ತಕ್ಷಣ ಮಲಗಿದರೆ ಹುಳಿ ಮೇಲೇರುತ್ತದೆ, ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿರಲಿ, ಹುಳಿ ಬಂದಾಗ ನೀರಿನಿಂದ ಬಾಯಿ ಮುಕ್ಕಳಿಸಲಿ, ಕೂಡಲೇ ಹಲ್ಲುಜ್ಜಿದರೆ ಇನ್ನಷ್ಟು ಸವೆಯುತ್ತದೆ ಎಂದರು ಡಾಕ್ಟರಮ್ಮ. ಹೊಟ್ಟೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟು, "ಸವೆದು ಹೋದ ಹಲ್ಲು ಮತ್ತೆ ಬೆಳೆಯಲ್ಲ, ಉಳಿದಿರೋದನ್ನ ಕಾಪಾಡ್ಕೊಳ್ಳೋಣ. ನಿಮ್ಮ ಮಗಳು ಗಟ್ಟಿಗಿತ್ತಿ ಕಣ್ರಿ," ಎಂದರು.

ಆಸ್ಪತ್ರೆಯ ಗೇಟು ದಾಟುತ್ತಲೇ ಮೆಣಸು ನಿಂತಳು. ಗೇಟು ಕಂಡರೆ ಸಾಕು, ತಿಂಗಳ ಅಭ್ಯಾಸ. ಚೀಲವನ್ನು ಎದೆಗೆ ತಂದುಕೊಂಡು ಜಿಪ್ಪು ಎಳೆದು ಅಪ್ಪನ ಮುಂದೆ ಹಿಡಿದಳು.

ದರ್ಜಿಗೆ ಅಳು ಬಂದುಬಿಟ್ಟಿತು. ಮಂಡಿಯೂರಿ ತಾನೇ ಜಿಪ್ಪು ಮುಚ್ಚಿದ. "ತಪ್ಪಾಯ್ತಮ್ಮ. ಸುಳ್ಳಿ ಅಂದ್ಬಿಟ್ಟೆ. ನೀನು ನಿಜಾನೇ ಹೇಳ್ತಿದ್ದೆ."

ಮೆಣಸು ಅವನನ್ನು ಮೇಲಿಂದ ಕೆಳಗೆ ಅಳೆದಳು. "ಅಂಗಡಿ ಎಷ್ಟೊತ್ತಿಗೆ ಮುಚ್ತೀಯ?"

"ಏಳಕ್ಕೆ."

"ನಿಜವಾಗ್ಲೂ?"

ದರ್ಜಿ ಕಣ್ಣೊರೆಸಿಕೊಂಡು, ದಾರಿಹೋಕರೆಲ್ಲ ನೋಡುತ್ತಿರುವಂತೆಯೇ, ಅವಳ ಮುಂದೆ ಆ ಎಂದು ಬಾಯಿ ತೆರೆದ. ಅವಳು ಹತ್ತಿರ ಬಂದು ಮೂಸಿದಳು.

"ಸರಿ, ನಂಬ್ತೀನಿ. ನಡಿ," ಎಂದಳು.