ಐದು ಎಚ್.ಪಿ. ಪಂಪಿಗೆ ಎಷ್ಟು ಕಿಲೋವ್ಯಾಟ್?

ಬಸ್ರೂರಿನ ಮಂಜಯ್ಯ ಶೆಟ್ಟರ ಬಾವಿಯ ನೀರು ಆ ವರ್ಷ, 1968ರ ಬೇಸಿಗೆಯಲ್ಲಿ, ತೀರ ಕೆಳಗಿಳಿದಿತ್ತು. ತೆನೆ ಬಂದಿದ್ದ ಗದ್ದೆ ಒಣಗತೊಡಗಿತ್ತು. ಹಳೆಯ ಮೂರು ಎಚ್.ಪಿ. ಪಂಪು ಸಾಲದೆಂದು ಶೆಟ್ಟರು ಐದು ಎಚ್.ಪಿ. ಪಂಪು ತಂದರು. ಅದನ್ನು ಹಳೆಯ ವಯರಿಗೇ ಜೋಡಿಸಿದರು.

ಆ ವಯರು ಹಾದುಹೋಗುತ್ತಿದ್ದುದು ದನದ ಹಟ್ಟಿಯ ಅಟ್ಟದಡಿಯಲ್ಲಿ. ಅಟ್ಟದ ತುಂಬ ಒಣಹುಲ್ಲು. ಕೆಳಗೆ ತುಂಬು ಗಬ್ಬದ ದನ.

ಮೊದಲ ದಿನವೇ ಫ್ಯೂಸು ಎರಡು ಸಲ ಹೋಯಿತು. ಶೆಟ್ಟರು ಅಲ್ಲಿ ದಪ್ಪ ತಂತಿ ಸುತ್ತಿದರು. ಪಂಪು ಓಡಿತು.

ಹೆಂಡತಿ ಸರಸಳಿಗೆ ಮಾತ್ರ ಸಮಾಧಾನವಿಲ್ಲ. "ಹ್ವಾಯ್, ಮೀಟರ್ ಹಲ್ಗಿ ಮೇಲೆ ಉಮಾನಾಥ ಈ ವಯರಿಗೆ ಮೂರೇ ಕಿಲೋವ್ಯಾಟ್ ಅಂತ ಬರ್ದಿದ. ಈ ಮೋಟಾರ್ ಮೇಲೆ ಐದ್ ಅಂತ ಇತ್ತಲೆ?"

"ಮೂರ್ ಕಿಲೋ ಅಂದ್ರೆ ಮೂರ್ ಸಾವ್ರ. ಐದ್ ಕುದ್ರಿ ಬಲ ಅದ್ರ ಎದ್ರ್ ಎಂತ ದೊಡ್ದ್? ನೀ ಸುಮ್ನೆ ಹೆದ್ರ್ಬೇಡ."

ಆ ವಯರು ಎಳೆದಿದ್ದ ಉಮಾನಾಥ ನೆರೆಮನೆಯವನೇ. ಬೊಂಬಾಯಿಯ ಗಿರಣಿಯಲ್ಲಿ ಕರೆಂಟಿನ ಕೆಲಸ ಮಾಡಿ ಬಂದವನು. ಕೇಳೋಣವೆಂದರೆ ಅವನು ಹಾಲಾಡಿಗೆ ಹೋಗಿದ್ದ. ಸರಸ ಹಟ್ಟಿಗೆ ಹೋಗುವುದು, ಮೇಲೆ ನೋಡುವುದು, ಹಿಂದೆ ಬರುವುದು. ಬೆಳಿಗ್ಗೆಯಿಂದ ಎಷ್ಟು ಸಲವೋ.

ಮಧ್ಯಾಹ್ನ ದನಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಹಿಡಿದು ಹೋದಾಗ ರಬ್ಬರು ಸುಟ್ಟ ವಾಸನೆ ಬಂತು. ದನ ಕಣ್ಣಿ ಎಳೆಯುತ್ತಿತ್ತು. ವಯರಿನ ಸಿಪ್ಪೆ ಕರಗಿ ಜೋತುಬಿದ್ದಿತ್ತು. ಹುಲ್ಲಿನಿಂದ ಹೊಗೆ ಏಳುತ್ತಿತ್ತು.

"ಅಯ್ಯೋ, ಬನ್ನಿ! ಹಟ್ಟಿ ಸುಡ್ತ್!"

ಶೆಟ್ಟರು ದೂರದ ಗದ್ದೆಯಲ್ಲಿದ್ದರು. ಸರಸ ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದಳು. ಕಣ್ಣಿಯ ಗಂಟು ಬಿಚ್ಚಲಾಗದೆ ಕತ್ತಿಯಿಂದ ಕಡಿದಳು. ದನ ಅಂಗಳಕ್ಕೆ ಬಂತು. ಶೆಟ್ಟರು ಏದುಸಿರು ಬಿಡುತ್ತ ಬಂದು ಹೊಗೆಯಾಡುವ ಹುಲ್ಲನ್ನು ಎಳೆದು ಹಾಕಿದರು. ಅವಳು ಕೊಡ ಕೊಡ ನೀರು ಸುರಿದಳು. ಹಟ್ಟಿ ಉಳಿಯಿತು.

ಸಂಜೆಯ ಬಸ್ಸಿಗೆ ಬಂದ ಉಮಾನಾಥ ವಯರು ನೋಡಿದ. ಆಮೇಲೆ ಫ್ಯೂಸು ಬಿಚ್ಚಿ ನೋಡಿದ.

"ಮಂಜಯ್ಯಣ್ಣ, ಫ್ಯೂಸ್ ಎರಡ್ ಸಲ ಹೇಳ್ತಲೆ! ನೀವ್ ಅದ್ರ ಬಾಯಿ ಕಟ್ಟಿದ್ರಿ."

"ಮೂರ್ ಸಾವ್ರ ತಡ್ಕಂಬ ವಯರ್ ಐದ್ ತಡ್ಕಂತಿಲ್ಯಾ?"

"ಐದ್ ಅಲ್ಲ. ಒಂದ್ ಎಚ್.ಪಿ. ಅಂದ್ರೆ ಏಳ್ನೂರ ನಲ್ವತ್ತಾರ್ ವ್ಯಾಟ್. ಸಾವ್ರ ವ್ಯಾಟ್ ಆರೆ ಒಂದ್ ಕಿಲೋವ್ಯಾಟ್."

ಸರಸ ಬಾಯಲ್ಲೇ ಲೆಕ್ಕ ಹಾಕಿದಳು. "ಐದಕ್ಕೆ ಮೂರ್ ಸಾವ್ರದ ಏಳ್ನೂರ ಮೂವತ್ತ್."

"ಹೌದ್ ಸರಸಕ್ಕ. ಮೂರೂಮುಕ್ಕಾಲ್ ಕಿಲೋವ್ಯಾಟ್ ಹತ್ರ. ಅದೂ ಮೋಟಾರ್ ಕೊಡು ಬಲ ಮಾತ್ರ. ಅಷ್ಟ್ ಕೊಡುಕೆ ಅದ್ ಲೈನಿಂದ ಇನ್ನೂ ಜಾಸ್ತಿ ಎಳಿತ್ತ್. ಹಳೇ ಪಂಪಿಂದ್ ಬರೀ ಎರಡೂಕಾಲ್. ಅದ್ಕೇ ಇಷ್ಟ್ ದಿನ ಎಂತದೂ ಆಯ್ಲಿಲ್ಲೆ."

ಶೆಟ್ಟರು ಅಂಗಳದಲ್ಲೇ ಕುಳಿತರು. "ಗದ್ದಿ ಒಣ್ಗುಕಾಗ ಅಂತ ಮಾಡ್ದೆ ಮಾರಾಯ. ಇವ್ಳ್ ಒಳ್ಗಿದ್ದಾಗ ಹತ್ಕಂಡಿದ್ರೆ?"

ಉಮಾನಾಥ ಫ್ಯೂಸಿನ ದಪ್ಪ ತಂತಿ ಕಿತ್ತು ಎಸೆದ.

ಹಳೆಯ ವಯರು ಕಿತ್ತುಹಾಕಿದರು. ಹೆಚ್ಚಿನ ಲೋಡಿಗೆ ಅರ್ಜಿ ಕೊಟ್ಟು, ಅದು ಮಂಜೂರಾದ ಮೇಲೆ ಹಟ್ಟಿಯಿಂದ ದೂರಕ್ಕೆ ದಪ್ಪ ವಯರು ಎಳೆಸಿದರು. ಅಷ್ಟರಲ್ಲಿ ಒಂದು ಗದ್ದೆಯ ಪೈರು ಹೋಯಿತು.

ರೈತ ಬಂಧುಗಳೇ, ತಾಯಂದಿರೇ, ಹೊಸ ಪಂಪು ಜೋಡಿಸುವ ಮುನ್ನ ಅದರ ತಗಡಿನ ಮೇಲಿನ ಸಂಖ್ಯೆಯನ್ನಷ್ಟೇ ಅಲ್ಲ, ಮುಂದಿರುವ ಅಕ್ಷರವನ್ನೂ ಓದಿ. ಎಚ್.ಪಿ. ಎಂದಿದ್ದರೆ 746ರಿಂದ ಗುಣಿಸಿ, ವ್ಯಾಟ್ ಸಿಗುತ್ತದೆ. ಸಾವಿರದಿಂದ ಭಾಗಿಸಿದರೆ ಕಿಲೋವ್ಯಾಟ್. ನಿಮ್ಮ ವಯರು ಅದಕ್ಕಿಂತ ಹೆಚ್ಚನ್ನೇ ತಡೆಯುವಂತಿರಲಿ. ಎಷ್ಟು ಹೆಚ್ಚೆಂದು ತಿಳಿದವರನ್ನು ಕೇಳಿ. ಫ್ಯೂಸು ಹೋದರೆ ಕಾರಣ ಹುಡುಕಿ, ದಪ್ಪ ತಂತಿ ಸುತ್ತಬೇಡಿ. ಮನೆಯಲ್ಲಿ ಯಾರಾದರೂ ಸಂಶಯದಿಂದ ಒಂದು ಮಾತು ಕೇಳಿದರೆ, ಸ್ವಿಚ್ಚು ಒತ್ತುವ ಮೊದಲು ನಿಂತು ಕೇಳಿಸಿಕೊಳ್ಳಿ.