ಇನ್ನೂರೈವತ್ತು ಗ್ರಾಮಿನ ದಾಳಿಂಬೆ

ದಾಕ್ಷಾಯಣಿ ಮತ್ತು ನಾನು ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. ನಾನು ಅಲ್ಲಿಗೇ ಶಾಲೆ ಬಿಟ್ಟೆ. ಅವಳು ಜತ್ತ ಪಟ್ಟಣಕ್ಕೆ ಹೋಗಿ ಕಂಪ್ಯೂಟರ್ ಕಲಿತಳು. ಈ ವರ್ಷ ಶ್ರೀಶೈಲಪ್ಪನವರ ದಾಳಿಂಬೆ ಶೆಡ್ಡಿಗೆ ಹಣ್ಣು ತೂಗಿ ಬೇರೆ ಮಾಡುವ ಮಷಿನ್ ಬಂದಾಗ ಅದಕ್ಕೆ ಪ್ರೋಗ್ರಾಂ ಬರೆಯಲು ಅವಳೇ ಬಂದಳು. ನಾಲ್ಕು ವರ್ಷದಿಂದ ಅಲ್ಲಿ ಕೈಯಿಂದ ಹಣ್ಣು ಆರಿಸುತ್ತಿದ್ದ ನನ್ನನ್ನು ಇನ್ನು ಮಷಿನ್ ಮುಂದೆ ಕೂರಿಸುವುದಾಗಿ ಮಾಲಕರು ಮಾತು ಕೊಟ್ಟಿದ್ದರು.

ದಾಕ್ಷಾಯಣಿ ಅಳತೆ ಕೇಳಿದಳು. ನಾವು ಹೆಂಗಸರು ದಿನಾ ಆಡುವಂತೆಯೇ ಹೇಳಿದೆ. ಇನ್ನೂರೈವತ್ತರ ಮೇಲಿದ್ದರೆ ದೊಡ್ಡದು, ಒಳಗಿದ್ದರೆ ನಡುವಿನದು, ತೀರ ಸಣ್ಣವು ರಸಕ್ಕೆ. ಸರಿಯಾಗಿ ಇನ್ನೂರೈವತ್ತು ಬಂದದ್ದನ್ನು ನಾವು ದೊಡ್ಡದರ ಕ್ರೇಟಿಗೆ ಹಾಕುತ್ತಿದ್ದೆವು. ಆದರೆ ಅದನ್ನು ಯಾರೂ ಎಂದೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಮೂರನೆಯ ದಿನ ಒಂದು ಚಂದದ ಕೆಂಪು ಹಣ್ಣು ಉರುಳಿ ರಸದ ಕ್ರೇಟಿಗೆ ಬಿತ್ತು. ಪರದೆ ನೋಡಿದೆ, ಇನ್ನೂರೈವತ್ತು. ಮಧ್ಯಾಹ್ನದೊಳಗೆ ಅಂಥವು ಹನ್ನೊಂದು. ದಾಕ್ಷಾಯಣಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಇನ್ನೂರೈವತ್ತಕ್ಕಿಂತ ಹೆಚ್ಚಿದ್ದರೆ ಒಂದು ಸಾಲು, ಕಡಿಮೆ ಇದ್ದೂ ತೀರ ಸಣ್ಣದಲ್ಲದಿದ್ದರೆ ಒಂದು ಸಾಲು, ಉಳಿದದ್ದೆಲ್ಲ ರಸಕ್ಕೆ. ಸರಿಸಮ ಬಂದ ಹಣ್ಣು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಉಳಿದದ್ದರಲ್ಲಿ ಬೀಳುತ್ತಿತ್ತು. ಅವಳು 'ಹೆಚ್ಚು' ಎಂಬಲ್ಲಿ ಸಮದ ಗುರುತೊಂದನ್ನು ಸೇರಿಸಿದಳು; ಇನ್ನು ಸರಿಸಮದ ಹಣ್ಣೂ ದೊಡ್ಡದರ ಕ್ರೇಟಿಗೇ.

“ಯಾರ ಮುಂದೂ ಅನಬ್ಯಾಡ, ಸುನೀ. ಸಂಜೀಕ ನಾನ ಮಾಲಕರಿಗಿ ಹೇಳ್ತೀನಿ, ತಪ್ಪು ಸುನಿತಾನ ಹಿಡದ್ಲು ಅಂತ.”

ಸಂಜೆಯವರೆಗೂ ನಾನು ಅದೇ ಖುಷಿಯಲ್ಲಿದ್ದೆ.

ಆದರೆ ಮೂಲೆಯಲ್ಲಿದ್ದ ರಸದ ಕ್ರೇಟುಗಳು ಅವಳು ಹೇಳುವ ಮೊದಲೇ ಮಾಲಕರ ಕಣ್ಣಿಗೆ ಬಿದ್ದವು. ಎರಡು ಕೈಯಲ್ಲಿ ಎರಡು ದೊಡ್ಡ ಹಣ್ಣು ಹಿಡಿದು, ಇವು ಇಲ್ಲಿಗೆ ಹೇಗೆ ಬಂದವು ಎಂದು ಕೇಳಿದರು. ದಾಕ್ಷಾಯಣಿ ನನ್ನತ್ತ ನೋಡಲಿಲ್ಲ.

“ಮಷಿನ್ ಚಲೋನ ಐತ್ರಿ, ಕಾಕಾ. ಸುನೀ ಸಾಲಿ ಕಲತದ್ದು ಕಡಿಮಿ. ಕ್ರೇಟ್ ಅದಲಿ ಬದಲಿ ಮಾಡಿರಬೇಕು.”

ನಾನು ಮಾಲಕರ ಮುಂದೆ ಬಂದು ನಿಂತೆ.

“ಇನ್ನೂರೈವತ್ತರದೊಂದು ಹಾಕಿ ನೋಡ್ರಿ.”

ಆ ಕ್ರೇಟಿನಿಂದಲೇ ಒಂದು ಹಣ್ಣು ತೆಗೆದು ಮಷಿನ್ನಿನ ಓಡುವ ಪಟ್ಟೆಯ ಮೇಲೆ ಇಟ್ಟೆ. ಇಟ್ಟ ಮೇಲೆ ನೆನಪಾಯಿತು, ಮಧ್ಯಾಹ್ನವೇ ತಿದ್ದಿಯಾಗಿದೆ ಎಂದು. ಪರದೆಯ ಮೇಲೆ ಇನ್ನೂರೈವತ್ತು ಮೂಡಿತು. ಹಣ್ಣು ಉರುಳಿ ದೊಡ್ಡದರ ಕ್ರೇಟಿಗೆ ಹೋಯಿತು.

“ನೋಡವಾ, ತನ್ನ ತಪ್ಪು ಮಷಿನ್ ಮ್ಯಾಲ ಹಾಕಾಕ ಹೋಗಿತ್ತು ಕೂಸು,” ಎಂದು ಹಣ್ಣು ಒರೆಸುತ್ತಿದ್ದ ಸಾವಿತ್ರೆವ್ವ ನಕ್ಕಳು. ಉಳಿದವರೂ ನಕ್ಕರು. ಮಾಲಕರು ಬೈಯಲಿಲ್ಲ. ನಾಳೆಯಿಂದ ಮಷಿನ್ ಮುಂದೆ ಹಣ್ಣು ಒರೆಸುವ ಕಾಜಲ್ ಕೂರಲಿ, ನೀನು ಡಬ್ಬಿ ಅಂಟಿಸು ಎಂದಷ್ಟೇ ಹೇಳಿದರು.

ಹೊರಗೆ ದಾಕ್ಷಾಯಣಿ ಸ್ಕೂಟಿ ಚಾಲೂ ಮಾಡಿ ನನಗಾಗಿ ನಿಂತಿದ್ದಳು.

“ಬಾ, ಕುಂದ್ರು. ಮನಸಿಗಿ ಹಚ್ಕೋಬ್ಯಾಡ. ನಂದು ಹೊಸಾ ಕೆಲಸ, ಏನ ಮಾಡ್ಲಿ?”

“ನಂದೂ ಹೊಸಾದ ಆಗೂದಿತ್ತು,” ಎಂದೆ.

ಅವಳು ಗಾಡಿ ಬಂದ್ ಮಾಡಿದಳು. ನಾನು ರಸ್ತೆ ಬಿಟ್ಟು, ಜೋಳದ ಹೊಲದ ಬದುವಿನ ಮೇಲೆ ನಮ್ಮೂರು ಸನಮಡಿಯ ಕಡೆ ನಡೆದೆ. ಅಲ್ಲಿಗೆ ಸ್ಕೂಟಿ ಬರುವುದಿಲ್ಲ.